ತೊಂಬತ್ತೊಂಬತ್ತು ಕಟ್ಟು, ಒಂದು ಚೀಲ

ಮೋಸಗಾರರ ಜೊತೆ ಕೆಲಸ ಮಾಡಿದ್ದರೆ ನಾನು ಇಷ್ಟು ಗೊಂದಲಕ್ಕೆ ಬೀಳುತ್ತಿರಲಿಲ್ಲ. ಮೋಸಗಾರ ಏನು ಮಾಡುತ್ತಾನೆ ಅನ್ನುವುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ನನ್ನ ಹಣೆಬರಹಕ್ಕೆ ಸಿಕ್ಕವರೆಲ್ಲ ಪ್ರಾಮಾಣಿಕರು. ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು, ಹೇಳದೆ ಇದ್ದದ್ದನ್ನು ಇನ್ನೂ ಹೆಚ್ಚಿನ ಶ್ರದ್ಧೆಯಿಂದ ಮಾಡುವವರು. ಹಾಗಾಗಿ ವಾರಕ್ಕೊಂದು ಸಲವಾದರೂ ನಾನು ಯಾವುದೋ ಊರಿನ ಯಾವುದೋ ಜಗಲಿಯ ಮೇಲೆ ಕೂತು, ತಲೆ ಕೆರೆದುಕೊಂಡು, ‘ಇದು ಹೇಗಾಯಿತು?’ ಎಂದು ಕೇಳುತ್ತಿರುತ್ತೇನೆ.

ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಕಾಗದದ ಕಾರ್ಖಾನೆ. ಅಂಗಡಿಗಳಿಗೆ ಕೈಚೀಲ, ಸಿಹಿತಿಂಡಿಯ ಡಬ್ಬ, ಕಚೇರಿಗಳಿಗೆ ದಪ್ಪ ರಿಜಿಸ್ಟರು. ಅಚ್ಚು ಹಾಕುವುದು, ಕತ್ತರಿಸುವುದು ಇಲ್ಲೇ. ಮಡಿಸುವುದು, ಅಂಟಿಸುವುದು, ಹೊಲಿಯುವುದು, ದಾರ ಕಟ್ಟುವುದು ಎಲ್ಲ ಕೈಕೆಲಸ. ಅದಕ್ಕೆ ಇಲ್ಲಿ ಜಾಗವಿಲ್ಲ ಎಂದು ಯಜಮಾನರು ಒಂದು ದಿನ ಅದನ್ನೆಲ್ಲ ತಾಲ್ಲೂಕುಗಳಿಗೆ ಹಂಚಲು ತೀರ್ಮಾನಿಸಿದರು. ಹತ್ತೊಂಬತ್ತು ವರ್ಷ ಕಟಿಂಗ್ ಮೆಷಿನ್ನಿನ ಮುಂದೆ ನಿಂತು ಮಂಡಿ ಸವೆಸಿಕೊಂಡಿದ್ದ ನನ್ನನ್ನು ಕರೆದು, “ನಿಮ್ಮ ತಾಯಿ ಊರು ಹುಣಸೂರು ಕಡೆ ಅಲ್ವೇನಯ್ಯ? ಜನ ಗೊತ್ತು, ಮಾತು ಗೊತ್ತು. ನೀನೇ ಹೋಗು” ಎಂದರು. ನನಗೆ ಗೊತ್ತಿದ್ದದ್ದು ಹುಣಸೂರಿನ ಬಸ್ ಸ್ಟ್ಯಾಂಡು ಮತ್ತು ನಮ್ಮ ಸೋದರಮಾವನ ಮನೆ ಮಾತ್ರ. ಅದನ್ನು ಹೇಳಲಿಲ್ಲ.

“ಆರು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಈ ಮೆಷಿನ್ ತರಿಸ್ತೀನಿ, ನೀನು ವಾಪಸ್ ಕಟಿಂಗಿಗೆ” ಎಂದು ಯಜಮಾನರು ಮೇಜಿನ ಡ್ರಾಯರಿನಿಂದ ಒಂದು ದೊಡ್ಡ ಬಣ್ಣದ ಹಾಳೆ ತೆಗೆದು ತೋರಿಸಿದರು. ಮಡಿಸಿ, ಅಂಟಿಸಿ, ದಾರವನ್ನೂ ತಾನೇ ಪೋಣಿಸುವ ಯಂತ್ರದ ಚಿತ್ರ. ಒಬ್ಬ ಮನುಷ್ಯ ಪಕ್ಕದಲ್ಲಿ ಕೈಕಟ್ಟಿ ನಿಂತು ನಗುತ್ತಿದ್ದ. ಆಮೇಲೆ ದೂರು ಬಂದಾಗಲೆಲ್ಲ ಆ ಹಾಳೆ ಡ್ರಾಯರಿನಿಂದ ಹೊರಗೆ ಬರುತ್ತಿತ್ತು. ನನ್ನ ಮಂಡಿಯ ಚಿಂತೆ ಒಂದು ಕಡೆ ಇರಲಿ. ನಾಲ್ಕು ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ, “ಇದು ನಿಲ್ಲುವ ಕೆಲಸ ಅಲ್ಲ, ಧೈರ್ಯವಾಗಿ ಹಿಡೀರಿ” ಎಂದು ಮಾತು ಕೊಟ್ಟವನು ನಾನು. ಆ ಹೆಂಗಸರ ಎದುರಿಗೆ ಮತ್ತೆ ಹೋಗಿ ಏನು ಹೇಳುವುದು ಅನ್ನುವುದೇ ನನ್ನ ದೊಡ್ಡ ಭಯವಾಗಿತ್ತು.

ಹದ ಮಾಡಿದ ಡಬ್ಬ

ಸಿಹಿತಿಂಡಿ ಡಬ್ಬ ಅಂಟಿಸುವ ಕೆಲಸ ಪಿರಿಯಾಪಟ್ಟಣದ ಹತ್ತಿರ ಒಬ್ಬ ರೈತ ದಂಪತಿಗೆ ಕೊಟ್ಟಿದ್ದೆ. ಮಳೆ ಹಿಡಿದು ಅಂಟು ಒಣಗದೆ ಡಬ್ಬಗಳೆಲ್ಲ ಒಂದಕ್ಕೊಂದು ಕಚ್ಚಿಕೊಳ್ಳತೊಡಗಿದವು. ನಾನು ಫ್ಯಾನು ತರಲಾ ಎಂದೆ. ಗಂಡ ನಕ್ಕ. “ಒಣಗ್ಸೋದ ನಮಗೇಳ್ಕೊಡ್ಬೇಕಾ ಸಾ? ನೀವು ಓಗಿ, ಮೂರು ದಿನ ಬುಟ್ಟು ಬನ್ನಿ.”

ಆ ಸೀಮೆಯವರು ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಕೆಳಗಿನಿಂದ ಬೆಂಕಿಯ ಕಾವು ಕೊಟ್ಟು ಹದ ಮಾಡಿ, ಬಣ್ಣ ನೋಡಿ ಗ್ರೇಡು ವಿಂಗಡಿಸುತ್ತಾರೆ. ಮೂರು ದಿನ ಬಿಟ್ಟು ಹೋದಾಗ ಬ್ಯಾರನ್ನಿನ ಮುಂದೆ ನನ್ನ ಡಬ್ಬಗಳು ಮೂರು ಗುಡ್ಡೆಯಾಗಿ ಕೂತಿದ್ದವು. ಒಂದು ಗುಡ್ಡೆ ನಿಂಬೆಹಣ್ಣಿನ ಬಣ್ಣ, ಒಂದು ಅರಿಸಿನ, ಇನ್ನೊಂದು ಹೆಚ್ಚುಕಡಿಮೆ ಕಾಫಿ.

“ಇದು ಬ್ರೈಟು, ಇದು ಮೀಡಿಯಮ್ಮು, ಇದು ಲೋ ಗ್ರೇಡು” ಎಂದು ಆತ ಒಂದೊಂದನ್ನೇ ಮುಟ್ಟಿ ಪರಿಚಯ ಮಾಡಿಸಿದ.

“ನಾನು ಕೊಟ್ಟಾಗ ಎಲ್ಲ ಬೆಳ್ಳಗಿತ್ತಲ್ಲಪ್ಪ.”

“ಹಸೀದು ಅಂಗೇ ಇರ್ತದೆ ಸಾ. ಹದ ಆದ್ಮೇಲೆ ಅಲ್ವಾ ಬಣ್ಣ ಬರಾದು? ಮೊದಲ್ನೇ ದಿನ ಸಣ್ಣ ಬೆಂಕಿ ಇಟ್ಟೆ, ಆಮೇಲೆ ಏರಿಸ್ದೆ. ರಾತ್ರಿಯೆಲ್ಲ ಇವ್ಳು ಎದ್ದು ನೋಡ್ಕಂಡವ್ಳೆ.” ಹೆಂಡತಿ ಸಂಕೋಚದಿಂದ ತಲೆ ಬಗ್ಗಿಸಿದಳು.

ಇಷ್ಟು ಕಷ್ಟಪಟ್ಟವರನ್ನು ಬೈಯುವುದು ಹೇಗೆ? ಮರುದಿನವೇ ಮಾಲು ಕೊಡಬೇಕಿತ್ತು. ಮೂರೂ ಗುಡ್ಡೆ ಒಟ್ಟಿಗೆ ತುಂಬಿಕೊಂಡು, ಬಣ್ಣದ ಡಬ್ಬ ಈಗಿನ ಫ್ಯಾಷನ್ನು ಎಂದು ಹೇಳಿ ಅಂಗಡಿಗೆ ಇಳಿಸಿದೆ. ಸಂಜೆಗೆ ಅಂಗಡಿಯವರ ಫೋನು. ನಮ್ಮ ಡಬ್ಬದಲ್ಲಿಟ್ಟ ಮೈಸೂರು ಪಾಕು ಬೀಡಿ ವಾಸನೆ ಹೊಡೆಯುತ್ತಿದೆಯಂತೆ, ಒಬ್ಬ ಗಿರಾಕಿ ಮಾತ್ರ ಇನ್ನೂ ಅರ್ಧ ಕೆಜಿ ಅದೇ ಕೊಡಿ ಅಂದನಂತೆ. ಯಜಮಾನರ ಡ್ರಾಯರು ತೆರೆಯಿತು.

ಮಾರನೆಯ ದಿನ ವಾಪಸು ಬಂದ ಡಬ್ಬ ಒಂದನ್ನು ಹಿಡಿದುಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಆತ ಡಬ್ಬವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. ತಪ್ಪು ಒಪ್ಪಿಕೊಳ್ಳುತ್ತಾನೆ ಎಂದು ಕಾದೆ. ಆತ ಕಣ್ಣು ಬಿಟ್ಟು, ನನ್ನನ್ನು ಬೇಜಾರಿನಿಂದ ನೋಡಿ ಹೇಳಿದ:

“ಇದು ಲೋ ಗ್ರೇಡಿಂದು. ಎಲ್ಲಾನೂ ಬೆರಸ್ಬುಟ್ರಾ ಸಾ?”

ಬರಿದು ಹೋಗಬಾರದು

ರಿಜಿಸ್ಟರು ಕಟ್ಟುವ ಕೆಲಸ ಹುಣಸೂರಿನ ಹಳೆಯ ಪೇಟೆಯ ಒಬ್ಬ ಹಿರಿಯರದ್ದು. ತಲೆಮಾರಿನಿಂದ ವ್ಯಾಪಾರಸ್ಥರ ಲೆಕ್ಕದ ಪುಸ್ತಕ ಕಟ್ಟಿದ ಮನೆ. ಹಣೆ ತುಂಬ ವಿಭೂತಿ, ಮಾತು ಮೆದು, ಹೊಲಿಗೆ ಎಷ್ಟು ಗಟ್ಟಿಯೆಂದರೆ ಅವರು ಕಟ್ಟಿದ ಪುಸ್ತಕ ಹರಿಯಬೇಕಾದರೆ ಅವರನ್ನೇ ಕೇಳಬೇಕು. ಇಲ್ಲಿ ಏನೂ ಎಡವಟ್ಟಾಗುವುದಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಒಂದು ನರ್ಸಿಂಗ್ ಹೋಮಿಗೆ ಹಲವು ಬಗೆಯ ರಿಜಿಸ್ಟರು ಹೋದವು. ಎರಡನೇ ದಿನ ಅಲ್ಲಿಯ ಮ್ಯಾನೇಜರು ಫೋನು ಮಾಡಿ, ಬಹಳ ತಗ್ಗಿದ ದನಿಯಲ್ಲಿ, “ನೀವೊಮ್ಮೆ ಬಂದು ನೋಡಿ” ಎಂದರು. ಹೋದೆ. ಮೇಜಿನ ಮೇಲೆ, ಸತ್ತವರ ಹೆಸರು ಬರೆಯುವ ರಿಜಿಸ್ಟರು. ನಾಲ್ಕು ಮೂಲೆಗೂ ಅರಿಸಿನ. ಮೊದಲ ಪುಟದ ನೆತ್ತಿಯಲ್ಲಿ ಕುಂಕುಮದ ಬೊಟ್ಟು. ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಶ್ರೀ’. ಅದರ ಕೆಳಗೆ ಇನ್ನೂ ದುಂಡಗೆ, ‘ಲಾಭ’.

“ಪೇಷೆಂಟಿನ ಕಡೆಯವರು ನೋಡಿದ್ದಾರೆ” ಎಂದರು ಮ್ಯಾನೇಜರು.

ನೇರ ಹುಣಸೂರಿಗೆ ಓಡಿದೆ. ಹಿರಿಯರಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. “ನಮ್ಮ ಅಂಗಡಿಯಿಂದ ಪುಸ್ತಕ ಬರಿದಾಗಿ ಹೊರಗೆ ಹೋಗಬಾರದು ಕಣಪ್ಪ. ನಮ್ಮ ತಂದೆಯವರೂ ಹಾಗೇ ಕಳಿಸ್ತಿದ್ದರು. ಬರೆಯೋರಿಗೆ ಒಳ್ಳೇದಾಗಲಿ ಅಂತ.”

“ಇದು ಸತ್ತವರನ್ನ ಬರೆಯೋ ಪುಸ್ತಕ, ಸ್ವಾಮಿ.”

ಅವರು ಕೈಯಲ್ಲಿದ್ದ ಸೂಜಿ ಕೆಳಗಿಟ್ಟರು. “ಮೊದಲೇ ಹೇಳಬಾರದಾ” ಎಂದರು. ಪಾಪ, ನಿಜವಾಗಿಯೂ ನೊಂದುಕೊಂಡಿದ್ದರು. ಅಲ್ಲೇ ಕೂತು ಬೇರೆ ಪುಸ್ತಕ ಕಟ್ಟಿಕೊಟ್ಟರು. ಅರಿಸಿನವಿಲ್ಲ, ಕುಂಕುಮವಿಲ್ಲ. ಬಸ್ಸಿನಲ್ಲಿ ಅನುಮಾನ ಬಂದು ಬಿಚ್ಚಿ ನೋಡಿದೆ. ಮೊದಲ ಪುಟದಲ್ಲಿ ಅದೇ ದುಂಡಗಿನ ಅಕ್ಷರ: ‘ಈ ಪುಸ್ತಕ ತುಂಬದಿರಲಿ.’

ಏನು ಮಾಡುವುದು ತಿಳಿಯದೆ ಹಾಗೇ ತೆಗೆದುಕೊಂಡು ಹೋಗಿ ಮ್ಯಾನೇಜರ ಮುಂದಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಇದು ಇರಲಿ. ಚೆನ್ನಾಗಿದೆ” ಎಂದರು. ನಾನು ಉಸಿರು ಬಿಟ್ಟು ಎದ್ದು ಬಾಗಿಲ ತನಕ ಬಂದಾಗ ಹಿಂದಿನಿಂದ ಕರೆದರು.

“ಬಿಲ್ ಬರೆಯೋ ರಿಜಿಸ್ಟರಿಗೆ ಮಾತ್ರ ಮೊದಲಿನ ಥರಾನೇ ಇರಲಿ, ಆಯ್ತಾ?”

ಬಾಣ

ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಕಡೆ ಮಹಿಳಾ ಸಂಘದವರಿಗೆ ಬೇಕರಿ ಚೀಲದ ಕೆಲಸ. ಅಲ್ಲಿಗೆ ನಾನು ಬುದ್ಧಿವಂತನಾಗಿ ಹೋದೆ. ಒಂದು ರಟ್ಟಿನ ಮೇಲೆ ಚೌಕ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆದಿದ್ದೆ. ಮೊದಲ ಮನೆಯವರು ಮಡಿಸಬೇಕು, ಪಕ್ಕದ ಮನೆಯವರು ತಳ ಅಂಟಿಸಬೇಕು, ಮೂರನೆಯವರು ದಾರ ಹಾಕಬೇಕು. ಸಂಘ ನಡೆಸುವ ಹೆಂಗಸು ರಟ್ಟನ್ನು ಬಹಳ ಹೊತ್ತು ನೋಡಿ, ಮೊದಲ ಬಾಣದ ಮೇಲೆ ಬೆರಳಿಟ್ಟಳು.

“ಈ ಬಾಣ ಆಗಾಕಿಲ್ಲ ಸಾ.”

“ಯಾಕಮ್ಮ?”

“ಅವ್ರಿಬ್ರೂ ವಾರಗಿತ್ತೀರು. ಆ ಮನೆಯಿಂದ ಈ ಮನೆಗೆ ನಾಕು ವರ್ಸದಿಂದ ಬೆಂಕಿಕಡ್ಡಿನೂ ಓಗಿಲ್ಲ.”

ಎರಡು ಮನೆಗೂ ನಡುವೆ ಒಂದೇ ಗೋಡೆ. ಆದರೂ ಮಡಿಸಿದ ಚೀಲ ಮೊದಲು ಸಂಘದವಳ ಜಗಲಿಗೆ ಹೋಗಿ, ಅಲ್ಲಿಂದ ಬೀದಿ ಸುತ್ತಿ ಪಕ್ಕದ ಮನೆಗೆ ಬರುವ ಹಾಗೆ ಬಾಣ ತಿದ್ದಿದೆವು. ನಾನು ಹೋದ ದಿನ ಆ ಬಾಣ ನಾನೇ. ಚೀಲದ ಜೊತೆ ಮಾತೂ ಹೊರಬೇಕಿತ್ತು. “ಏಳಿ ಅವ್ರಿಗೆ, ಮಡಿಕೆ ಓರೆ ಆಗೈತೆ.” “ಏಳಿ ಅವ್ರಿಗೆ, ಅಂಟು ಜಾಸ್ತಿ ಆಗೈತೆ.” ಬರುಬರುತ್ತಾ ಚೀಲಕ್ಕೆ ಸಂಬಂಧವಿಲ್ಲದ ಮಾತೂ ಸೇರಿಕೊಂಡಿತು. ಕೋಳಿಯದ್ದು, ನುಗ್ಗೆಮರದ್ದು, ಯಾರದೋ ಮದುವೆಯಲ್ಲಿ ಯಾರಿಗೋ ಎಲೆ ಹಾಕದೆ ಬಿಟ್ಟದ್ದು.

ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಾಲ್ಕು ಸಲ ಸುತ್ತಿ ನನಗೆ ಯಾರ ಮಾತು ಯಾರಿಗೆ ಅನ್ನುವುದು ತಪ್ಪಿಹೋಯಿತು. ಇವಳು ಅವಳಿಗೆ ಹೇಳೆಂದದ್ದನ್ನು ಇವಳಿಗೇ ಹೇಳಿ, ಅವಳು ಇವಳಿಗೆ ಹೇಳೆಂದದ್ದನ್ನು ಅವಳಿಗೇ ಒಪ್ಪಿಸಿದೆ. ಇಬ್ಬರೂ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರು.

“ಅಲ್ಲ ಕಣಕ್ಕ, ನಾ ಏಳಿದ್ದ ಮಾತ್ನ ನನ್ಗೇ ಬಂದು ಏಳ್ತವ್ನಲ್ಲ ಈ ವಯ್ಯ.”

“ನನ್ಗೂ ಅಂಗೇ ಏಳ್ದ ಕಣೆ. ತಲೆ ನೆಟ್ಟಗಿಲ್ಲ ಅಂತ ಕಾಣ್ತದೆ.”

ನಾಲ್ಕು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಅದು. ನನಗೆ ಬುದ್ಧಿಯಿಲ್ಲ ಎಂಬ ಒಂದು ವಿಷಯದಲ್ಲಿ ಅವರಿಬ್ಬರೂ ಒಂದಾದರು. ಸಂಜೆಗೆ ಒಂದೇ ಜಗಲಿಯ ಮೇಲೆ ಕೂತಿದ್ದರು. ನನಗೆ ಹೆಮ್ಮೆಯಾಯಿತು, ಬಾಣವನ್ನು ಮೊದಲಿನಂತೆ ನೆಟ್ಟಗೆ ಎಳೆದು ಬಂದೆ. ಆದರೆ ಮುಂದಿನ ವಾರದಿಂದ ಚೀಲ ಅರ್ಧಕ್ಕರ್ಧ ಇಳಿದುಹೋಯಿತು. ಯಜಮಾನರ ಡ್ರಾಯರು ಮತ್ತೆ ತೆರೆಯಿತು. ಸಂಘದವಳಿಗೆ ಫೋನು ಮಾಡಿ ಕಾರಣ ಕೇಳಿದೆ.

“ನಾಕು ವರ್ಸದ್ದು ಮಾತು ಬಾಕಿ ಐತಲ್ಲ ಸಾ, ಕೈ ಎಲ್ಲಿ ಆಡ್ತದೆ? ನೀವೇ ಬಂದು ಇನ್ನೊಂದು ಕಿತ ಏನಾರ ಏಳಿ ಕೆಡ್ಸಿ.”

ಕೊಸರು

ಇದೆಲ್ಲ ಒಂದು ತೂಕವಾದರೆ ಕೆ.ಆರ್. ನಗರದ್ದೇ ಒಂದು ತೂಕ. ಚುಂಚನಕಟ್ಟೆ ಹತ್ತಿರದ ಒಂದು ಊರಿನಲ್ಲಿ, ನಿಂತುಹೋದ ಅಕ್ಕಿ ಗಿರಣಿಯ ಷೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಕೂತು ಒಂದು ಸೀರೆ ಅಂಗಡಿಗೆ ಕೈಚೀಲ ಮಾಡುತ್ತಿದ್ದರು. ನಮ್ಮ ಅತಿ ದೊಡ್ಡ ಕೆಲಸ ಅದೇ. ತಿಂಗಳಿಗೆ ಹತ್ತು ಸಾವಿರ ಹಾಳೆ ಎಣಿಸಿ ಕೊಡುತ್ತಿದ್ದೆವು. ಒಂದು ಹಾಳೆಗೆ ಒಂದು ಚೀಲ, ನೂರು ಚೀಲಕ್ಕೆ ಒಂದು ಕಟ್ಟು. ಹಾಳೆ ಹರಿದರೆ ಹರಿದದ್ದನ್ನು ತೋರಿಸಿ ಬೇರೆ ಪಡೆಯುತ್ತಿದ್ದರು. ಅಂದರೆ ನೂರು ಕಟ್ಟು ಬರಬೇಕು.

ಬರುತ್ತಿದ್ದದ್ದು ತೊಂಬತ್ತೊಂಬತ್ತು ಕಟ್ಟು. ಜೊತೆಗೆ, ಬಿಡಿಯಾಗಿ, ಒಂದೇ ಒಂದು ಚೀಲ.

ಮೊದಲ ತಿಂಗಳು ಏನೋ ತಪ್ಪಾಗಿದೆ ಎಂದುಕೊಂಡೆವು. ಎರಡನೇ ತಿಂಗಳೂ ತೊಂಬತ್ತೊಂಬತ್ತು ಕಟ್ಟು, ಒಂದು ಚೀಲ. ಮೂರನೇ ತಿಂಗಳೂ ಅಷ್ಟೆ. ಪ್ರತಿ ಸಲ ಒಂದು ಕಟ್ಟು ಮೈಸೂರಿನಲ್ಲೇ ಅರ್ಜೆಂಟಾಗಿ ಮಾಡಿಸಿ ಸೇರಿಸಬೇಕಾಗುತ್ತಿತ್ತು. ಯಜಮಾನರು, “ಯಾರೋ ತಿಂಗಳಿಗೆ ನೂರು ಚೀಲ ಹೊಡೀತಿದಾರೆ” ಎಂದರು. ನೂರು ಚೀಲ ಕದ್ದವನು ಒಂದನ್ನು ಮಾತ್ರ ಯಾಕೆ ವಾಪಸು ಕಳಿಸುತ್ತಾನೆ ಎಂದು ನಾನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಅದೇ ನನಗೂ ತಿಳೀತಿಲ್ಲ” ಎಂದರು.

ಕಟ್ಟುಗಳಲ್ಲಿ ತಪ್ಪು ಸಿಗಲಿಲ್ಲ. ಒಂದೊಂದೇ ಚೀಲ ಎಣಿಸುವ ಪುರುಸೊತ್ತು ಯಾರಿಗಿದೆ? ನಾವು ತೂಕ ಹಾಕುವವರು. ಅವರ ಮೊದಲನೇ ಕಟ್ಟನ್ನು ತಕ್ಕಡಿಗಿಟ್ಟು, ಬಂದ ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಆಮೇಲೆ ಬಂದ ಕಟ್ಟೆಲ್ಲ ಅದೇ ತೂಕ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಷೆಡ್ಡಿನಲ್ಲಿ ಚೀಲ ಎಣಿಸಿ ಕಟ್ಟು ಕಟ್ಟುವವಳು ಒಬ್ಬ ಅಜ್ಜಿ. ಅವಳನ್ನು ಕೇಳಿದರೆ, “ನೂರಕ್ಕೆ ಒಂದ್ ಕಮ್ಮಿ ಇದ್ರೆ ನನ್ ಕೈ ಸೇದೋಗ್ಲಿ” ಎಂದು ಆಣೆ ಇಡುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. ಹಾಳೆ ಎಣಿಸಿ ಕೊಟ್ಟ ನಾನೂ ಕಳ್ಳನಲ್ಲ. ನನಗೆ ಊಟದ ಎಲೆಯ ಮೇಲೂ ಆ ಒಂಟಿ ಚೀಲವೇ ಕಾಣತೊಡಗಿತು.

ಆರನೇ ತಿಂಗಳು ಯಜಮಾನರು ಯಂತ್ರದ ಚಿತ್ರವನ್ನು ಡ್ರಾಯರಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿ, “ನಡಿ, ನಾನೇ ಬರ್ತೀನಿ. ಇವತ್ತು ಸಿಗಲಿಲ್ಲ ಅಂದ್ರೆ ನಾಲ್ಕು ಊರಿಗೂ ಇವತ್ತೇ ಕೊನೆ” ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಮಂಡಿ ಸವರಿಕೊಂಡು ಕೂತಿದ್ದೆ.

ಷೆಡ್ಡಿನಲ್ಲಿ ಯಜಮಾನರಿಗೆ ಕುರ್ಚಿ ಹಾಕಿದರು. ಅವರು ಚಿತ್ರವನ್ನು ಪಕ್ಕದ ಕಟ್ಟೆಯ ಮೇಲಿಟ್ಟು, “ನನ್ನ ಮುಂದೆ ಒಂದು ಕಟ್ಟು ಎಣಿಸಮ್ಮ” ಎಂದರು. ಅಜ್ಜಿ ಕಾಲು ಚಾಚಿ ಕೂತು, ಸೆರಗು ಸಿಕ್ಕಿಸಿ, ಮೊದಲನೇ ಚೀಲ ಎತ್ತಿಟ್ಟಳು.

“ಲಾಭ.” ಮುಂದಿನದ್ದು ಎತ್ತಿಟ್ಟಳು. “ಎರಡು.” “ಮೂರು.”

ಯಜಮಾನರು ನನ್ನ ಮಣಿಕಟ್ಟು ಹಿಡಿದರು. “ಒಂದು ಎಲ್ಲಿ ಹೋಯ್ತು?”

“ಕಣದಲ್ಲಿ ಭತ್ತ ಅಳೆಯುವವರು ಒಂದು ಅನ್ನಲ್ಲ ಸರ್. ಮೊದಲನೇದು ಲಾಭ.”

“ಸಿಕ್ತು ನೋಡು. ಕಟ್ಟಿಗೆ ಒಂದು ಕಡಿಮೆ.”

“ಲಾಭ ಅನ್ನೋದೂ ಒಂದು ಚೀಲವೇ ಸರ್. ಅಲ್ಲದೆ ಕಟ್ಟಿಗೆ ಒಂದು ಕಡಿಮೆಯಾದ್ರೆ ಕಟ್ಟು ಜಾಸ್ತಿ ಆಗ್ಬೇಕು, ನಮಗೆ ಕಡಿಮೆ ಆಗ್ತಿದೆ.”

“ಜಾಸ್ತಿನಾ? ಹೇಗೆ?”

ನಾನು ಬೆರಳು ಮಡಚಿ ವಿವರಿಸಲು ಹೋಗಿ ನನಗೇ ಗೊಂದಲವಾಯಿತು. ನಮ್ಮ ಪಿಸುಮಾತಿನಲ್ಲಿ ಅಜ್ಜಿಗೂ ಲೆಕ್ಕ ತಪ್ಪಿತು. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಚೀಲಗಳನ್ನು ವಾಪಸು ಎಳೆದುಕೊಂಡು, ಮತ್ತೆ ಲಾಭದಿಂದ ಶುರುಮಾಡಿದಳು. ಈ ಸಲ ನಾವು ಉಸಿರೆತ್ತಲಿಲ್ಲ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಸರಿಯಾಗಿ ನೂರು. ಯಜಮಾನರು ಕುರ್ಚಿಗೆ ಒರಗಿದರು. ಆಗ ಅಜ್ಜಿ ಇನ್ನೊಂದು ಚೀಲ ಎತ್ತಿ ಕಟ್ಟಿನ ಮೇಲಿಟ್ಟು, “ಕೊಸರು” ಎಂದು ದಾರ ಬಿಗಿದಳು.

“ಅದ್ಯಾಕೆ?” ಎಂದರು ಯಜಮಾನರು.

“ಯಾವ್ದು?”

“ನೂರೊಂದನೇದು.”

“ಬರೀ ನೂರು ಕೊಡಕಾಯ್ತದಾ ಸಾ? ಭತ್ತ ಅಳ್ದು ಕೊಟ್ಮೇಲೆ ಮೇಲೊಂದ್ ಇಡಿ ಆಕಿಲ್ವಾ? ಅಷ್ಟೂ ಆಕ್ದೋರ ಮಾಲ ಯಾರ್ ಮುಟ್ತಾರೆ?”

ಆರು ತಿಂಗಳ ಗಂಟು ಬಿಚ್ಚಿತು. ಕಟ್ಟಿಗೆ ನೂರೊಂದರಂತೆ ತೊಂಬತ್ತೊಂಬತ್ತು ಕಟ್ಟು ಕಟ್ಟಿದರೆ, ಹತ್ತು ಸಾವಿರದಲ್ಲಿ ಉಳಿಯುವುದು ಒಂದು ಚೀಲ. ಅದನ್ನೂ ಇಟ್ಟುಕೊಳ್ಳದೆ ಕಳಿಸಿದ್ದರು. ನಾವು ಗೋಡೆಯ ಮೇಲೆ ಬರೆದ ತೂಕವೇ ನೂರೊಂದರ ತೂಕ. ಸೀರೆ ಅಂಗಡಿಯವರಿಗೆ ತಿಂಗಳು ತಿಂಗಳೂ ಕೊಸರು ಹೋಗುತ್ತಿತ್ತು. ಜಾಸ್ತಿ ಬಂತು ಎಂದು ಯಾರಾದರೂ ದೂರು ಕೊಡುತ್ತಾರೆಯೇ?

“ಹಾಳೆ ನಮ್ಮದಲ್ವೇನಮ್ಮ?” ಎಂದರು ಯಜಮಾನರು.

“ಕೆಲ್ಸ ನಮ್ದಲ್ವಾ?”

“ಇನ್ಮೇಲೆ ಕೊಸರು ಬೇಡ.”

“ಅಂಗಾರೆ ಎಣ್ಸಕೆ ಬ್ಯಾರೇರ್ನ ನೋಡ್ಕಳಿ. ಕೊಸರಿಲ್ದೆ ನನ್ ಕೈ ಕಟ್ ಕಟ್ಟಕಿಲ್ಲ.”

ಷೆಡ್ಡಿನಲ್ಲಿ ಇಪ್ಪತ್ತು ಜನರ ಕೈ ನಿಂತಿತು. ನಾನು ಯಾರ ಮುಖವನ್ನೂ ನೋಡಲಿಲ್ಲ. ಯಜಮಾನರು ಯಂತ್ರದ ಚಿತ್ರ ತೋರಿಸಲೆಂದು ಕಟ್ಟೆಯ ಮೇಲೆ ಕೈಯಾಡಿಸಿದರು. ಚಿತ್ರ ಅಲ್ಲಿರಲಿಲ್ಲ. ಹತ್ತಿರ ಕೂತಿದ್ದ ಹೆಂಗಸು ಹೆದರಿಕೊಂಡು ಒಂದು ಚೀಲ ಮುಂದೆ ಹಿಡಿದಳು. “ಸ್ಯಾಂಪಲ್ಲು ಅಂದ್ಕಂಡೆ ಸಾ. ಒಳ್ಳೆ ಗಟ್ಟಿ ಹಾಳೆ.”

ಮಡಿಸಿ, ಅಂಟಿಸಿ, ತಳಕ್ಕೆ ರಟ್ಟಿಟ್ಟು, ದಾರವನ್ನೂ ಹಾಕಿಬಿಟ್ಟಿದ್ದಳು. ಯಂತ್ರ ಸರಿಯಾಗಿ ಚೀಲದ ಮಧ್ಯಕ್ಕೆ ಬಂದಿತ್ತು. ಕೈಕಟ್ಟಿ ನಗುತ್ತಿದ್ದ ಮನುಷ್ಯ ಪಕ್ಕದ ಮಡಿಕೆಯೊಳಗೆ ಹೋಗಿದ್ದ.

ಯಜಮಾನರು ಚೀಲವನ್ನು ತಿರುಗಿಸಿ ನೋಡಿದರು, ದಾರ ಎಳೆದು ನೋಡಿದರು. “ಇದನ್ನ ಯಾವಾಗ ಮಾಡ್ದೆ?”

“ನೀವಿಬ್ರೂ ಲೆಕ್ಕ ಆಕ್ತಿದ್ರಲ್ಲ, ಆಗ.”

ಅವರು ಕನ್ನಡಕದ ಡಬ್ಬಿಯನ್ನು ಅದೇ ಚೀಲದಲ್ಲಿ ಹಾಕಿಕೊಂಡು ಕಾರಿಗೆ ನಡೆದರು. ಮೈಸೂರು ಹತ್ತಿರ ಬಂದ ಮೇಲೆ ಬಾಯಿ ಬಿಟ್ಟರು. “ಸೀರೆ ಅಂಗಡಿಯವರು ಇನ್ನೆರಡು ಅಂಗಡಿಯ ಕೆಲಸಾನೂ ನಮಗೇ ಕೊಡ್ತೀನಿ ಅಂತಿದ್ರು. ಯಾಕೆ ಅಂತ ನನಗೆ ಅರ್ಥ ಆಗಿರ್ಲಿಲ್ಲ.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು. “ಮುಂದಿನ ತಿಂಗಳಿಂದ ನೂರು ಹಾಳೆ ಜಾಸ್ತಿ ಕಳಿಸು. ನನ್ನ ಕಡೆಯಿಂದ ಕೊಸರು ಅಂತ ಹೇಳು. ಕೆಲಸ ಎಲ್ಲೂ ನಿಲ್ಲಿಸೋದು ಬೇಡ.” ನನಗೆ ಕಣ್ಣು ತುಂಬಿ ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಹತ್ತು ಸಾವಿರದ ನೂರು ಹಾಳೆ ಹೋಯಿತು. ಕಟ್ಟಿಗೆ ನೂರೊಂದರಂತೆ ಸರಿಯಾಗಿ ನೂರು ಕಟ್ಟು ಬರಬೇಕು. ಜೀವನದಲ್ಲಿ ಮೊದಲ ಸಲ ನನಗೆ ಗೊಂದಲವಿರಲಿಲ್ಲ. ಮಾಲು ಬಂದ ದಿನ ಯಜಮಾನರೂ ನಾನೂ ಬಾಗಿಲಲ್ಲೇ ನಿಂತು ಎಣಿಸಿದೆವು.

ತೊಂಬತ್ತೊಂಬತ್ತು ಕಟ್ಟು. ಬಿಡಿಯಾಗಿ, ಎರಡು ಚೀಲ.

ನೆಲದ ಮೇಲೆ ಕೂತು ಒಂದು ಕಟ್ಟು ಬಿಚ್ಚಿ, ಒಬ್ಬರ ಮುಂದೆ ಒಬ್ಬರು ಎರಡೆರಡು ಸಲ ಎಣಿಸಿದೆವು. ನೂರ ಎರಡು. ಅಜ್ಜಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

“ಅಷ್ಟು ದೊಡ್ಡ ಮನ್ಸ ನಮಗೇ ಕೊಸರು ಕಳಿಸವ್ರೆ” ಎಂದಳು ಅಜ್ಜಿ. “ಆಮೇಲೂ ನಾವು ಒಂದರಲ್ಲೇ ನಿಲ್ಲಕಾಯ್ತದಾ ಸಾ? ಎರಡೆರಡಾಕಿವ್ನಿ.”

ಯಜಮಾನರು ಎದ್ದು ಹೋಗಿ ಗೋಡೆಯ ಮೇಲಿನ ಹಳೆಯ ತೂಕ ಒರೆಸಿ ಹೊಸ ತೂಕ ಬರೆದರು. ಆಮೇಲೆ ಸೀಮೆಸುಣ್ಣದ ಕೈಯನ್ನೇ ನನ್ನ ಹೆಗಲ ಮೇಲಿಟ್ಟು, ಮೆಲ್ಲಗೆ ಹೇಳಿದರು:

“ಇನ್ನು ಅವರಿಗೆ ಏನೂ ಜಾಸ್ತಿ ಕೊಡಬೇಡ ಕಣಯ್ಯ. ಥ್ಯಾಂಕ್ಸ್ ಕೂಡ ಹೇಳಬೇಡ.”